ಯಾವ ಸ್ಕೂಲು ಮಗಾ? ಉತ್ತರ ಮಗುವೇ ಹೇಳಲಿ

ಆರರಿಂದ ಹನ್ನೆರಡು ವರ್ಷದೊಳಗೆ ಮಗು ತನ್ನ ಬಗ್ಗೆ ತಾನೇ ಒಂದು ತೀರ್ಮಾನಕ್ಕೆ ಬರುತ್ತದೆ. ಗಡಿಯ ಕನ್ನಡ ಶಾಲೆಯಲ್ಲಿ ಓದುವ ಮಕ್ಕಳ ಆ ತೀರ್ಮಾನದಲ್ಲಿ ಹೆತ್ತವರ ಪಾಲು ದೊಡ್ಡದು.

ಡೆಂಕಣಿಕೋಟೆ ಬಸ್ ನಿಲ್ದಾಣದಲ್ಲಿ ನೀವು ಹೊಸೂರಿನ ಬಸ್ಸಿಗೆ ಕಾಯುತ್ತಿದ್ದೀರಿ ಎಂದುಕೊಳ್ಳಿ. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು. ಪರಿಚಯದವರೊಬ್ಬರು ಎದುರಾಗುತ್ತಾರೆ. ಮಗುವಿನ ಕೆನ್ನೆ ಮುಟ್ಟಿ, ‘ಎಂದ ಸ್ಕೂಲ್ ಮಾ?’ ಎಂದು ತಮಿಳಿನಲ್ಲಿ ಕೇಳುತ್ತಾರೆ. ಮಗಳು ಬಾಯಿ ತೆರೆಯುವ ಮೊದಲೇ ನೀವು ಹೇಳಿಬಿಡುತ್ತೀರಿ: ‘ಇಲ್ಲೇ ಸಾರ್, ಗೌರ್ಮೆಂಟ್ ಸ್ಕೂಲು, ಕನ್ನಡ ಮೀಡಿಯಂ. ಸದ್ಯಕ್ಕೆ ಹಾಕಿದ್ದೀವಿ, ಮುಂದೆ ನೋಡಬೇಕು.’

ಆ ‘ಸದ್ಯಕ್ಕೆ’ ಎಂಬ ಮಾತನ್ನು ಬಸ್ಸು ಹತ್ತುವ ಹೊತ್ತಿಗೆ ನೀವು ಮರೆತಿರುತ್ತೀರಿ. ಮಗಳು ಮರೆಯುವುದಿಲ್ಲ. ತಾನು ದಿನವೂ ಹೋಗುವ ಶಾಲೆ, ತಾನು ಅಕ್ಷರ ತಿದ್ದಿದ ಭಾಷೆ, ಬೇರೆ ದಾರಿಯಿಲ್ಲದೆ ಹಾಕಿದ ಜಾಗ ಎಂದು ಅವಳಿಗೆ ಅರ್ಥವಾಗುತ್ತದೆ. ಮುಂದಿನ ಸಲ ಯಾರಾದರೂ ಅದೇ ಪ್ರಶ್ನೆ ಕೇಳಿದಾಗ ಅವಳು ತಲೆ ತಗ್ಗಿಸಿ ನಿಮ್ಮ ಹಿಂದೆ ಸರಿಯುತ್ತಾಳೆ. ‘ನಮ್ಮ ಹುಡುಗಿಗೆ ನಾಚಿಕೆ ಜಾಸ್ತಿ’ ಎಂದು ನೀವು ನಗುತ್ತೀರಿ.

ನಾಚಿಕೆ ಕೆಲವು ಮಕ್ಕಳಿಗೆ ಹುಟ್ಟುಗುಣ, ನಿಜ. ಆದರೆ ಈ ನಾಚಿಕೆ ಹುಟ್ಟಿನಿಂದ ಬಂದದ್ದೋ, ಬಸ್ ನಿಲ್ದಾಣದಲ್ಲಿ ಕಲಿತದ್ದೋ ಎಂದು ಒಮ್ಮೆ ಯೋಚಿಸಬೇಕು. ಏಕೆಂದರೆ ಅವಳ ವಯಸ್ಸು ಅಂಥದ್ದು.

ಸದ್ದಿಲ್ಲದ ಆರು ವರ್ಷ

ಎರಡು ವರ್ಷದ ಮಗು ಮನೆಯನ್ನೇ ತಲೆಕೆಳಗು ಮಾಡುತ್ತದೆ. ಹದಿನಾಲ್ಕರ ಹುಡುಗ ಎದುರು ಮಾತಾಡುತ್ತಾನೆ. ಎರಡೂ ವಯಸ್ಸು ನಮ್ಮ ಗಮನ ಸೆಳೆಯುತ್ತವೆ. ನಡುವಿನ ಆರರಿಂದ ಹನ್ನೆರಡು ವರ್ಷದವರೆಗಿನ ಕಾಲ ಮಾತ್ರ ಹೆಚ್ಚು ಸದ್ದಿಲ್ಲದೆ ಕಳೆಯುತ್ತದೆ. ಮಗು ಶಾಲೆಗೆ ಹೋಗುತ್ತದೆ, ಬರುತ್ತದೆ, ಆಡುತ್ತದೆ, ಉಂಡು ಮಲಗುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದದ್ದು ಕಣ್ಣಿಗೆ ಕಾಣುತ್ತದೆ. ಅದೇ ಹೊತ್ತಿನಲ್ಲಿ ಒಳಗೆ ಗಟ್ಟಿಯಾಗುತ್ತಿರುವ ಇನ್ನೊಂದು ಸಂಗತಿ ಕಾಣುವುದಿಲ್ಲ.

ಮನುಷ್ಯನ ವ್ಯಕ್ತಿತ್ವ ಹಂತಹಂತವಾಗಿ ಹೇಗೆ ಬೆಳೆಯುತ್ತದೆ ಎಂದು ಬರೆದವರಲ್ಲಿ ಎರಿಕ್ ಎರಿಕ್‌ಸನ್ ದೊಡ್ಡ ಹೆಸರು. 1950ರಲ್ಲಿ ಬಂದ ಅವರ ಪುಸ್ತಕ ಬಾಲ್ಯದಿಂದ ಮುಪ್ಪಿನವರೆಗಿನ ಬದುಕನ್ನು ಎಂಟು ಹಂತಗಳಾಗಿ ನೋಡಿತು. ಶಾಲೆಯ ವಯಸ್ಸು ಅದರಲ್ಲಿ ನಾಲ್ಕನೆಯದು. ಈ ಹಂತದಲ್ಲಿ ಮಗು ತನ್ನನ್ನು ತಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ‘ನನ್ನ ಕೈಲಿ ಆಗುತ್ತದೆಯೇ?’ ಕೆಲಸ ಕಲಿತು, ಮಾಡಿ ಮುಗಿಸಿ, ಅದಕ್ಕೆ ಮೆಚ್ಚುಗೆ ಸಿಕ್ಕ ಮಗುವಿನಲ್ಲಿ ‘ಆಗುತ್ತದೆ’ ಎಂಬ ಭಾವ ಬೇರೂರುತ್ತದೆ. ಮತ್ತೆ ಮತ್ತೆ ಸೋತು, ಬೈಸಿಕೊಂಡು, ಹೋಲಿಸಿಕೊಂಡು ಕುಗ್ಗಿದ ಮಗುವಿನಲ್ಲಿ ಕೀಳರಿಮೆ ಬೇರೂರುತ್ತದೆ.

ಈ ಮಾತು ಬರೆದವರ ಬಾಲ್ಯವೂ ಒಂದು ಗಡಿಯ ಮೇಲೇ ಕಳೆದಿತ್ತು. ಎರಿಕ್‌ಸನ್ 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ತಾಯಿ ಡೆನ್ಮಾರ್ಕ್ ಮೂಲದ ಯೆಹೂದಿ ಹೆಂಗಸು. ಜರ್ಮನ್ ಶಾಲೆಯಲ್ಲಿ ಯೆಹೂದಿ ಎಂದು ಹುಡುಗರು ಅಣಕಿಸಿದರೆ, ಯೆಹೂದಿ ಪ್ರಾರ್ಥನಾ ಮಂದಿರದಲ್ಲಿ ಹೊಂಬಣ್ಣದ ಕೂದಲು, ನೀಲಿ ಕಣ್ಣು ನೋಡಿ ಪರಕೀಯ ಎಂದು ಅಣಕಿಸಿದರು. ಎರಡು ಕಡೆಯೂ ಪೂರ್ತಿ ಸೇರದ ಹುಡುಗ ‘ನಾನು ಯಾರು’ ಎಂಬ ಪ್ರಶ್ನೆಯನ್ನೇ ಬದುಕಿನ ಕೆಲಸ ಮಾಡಿಕೊಂಡ. ಗಡಿಯ ಮಕ್ಕಳ ಹೆತ್ತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಹೋಲಿಕೆ ಶುರುವಾಗುವ ವಯಸ್ಸು

ಐದು ವರ್ಷದ ಮಗುವನ್ನು ‘ನಿನಗೇನು ಬರುತ್ತೆ?’ ಎಂದು ಕೇಳಿ ನೋಡಿ. ‘ಜೋರಾಗಿ ಓಡ್ತೀನಿ, ಮರ ಹತ್ತುತೀನಿ, ಎಲ್ಲಾ ಬರುತ್ತೆ’ ಎನ್ನುತ್ತದೆ. ಅದೇ ಮಗುವನ್ನು ಒಂಬತ್ತರಲ್ಲಿ ಕೇಳಿ. ‘ಓಡ್ತೀನಿ, ಆದರೆ ಅವನಷ್ಟು ಜೋರಾಗಿ ಓಡಲ್ಲ. ಲೆಕ್ಕ ಬರುತ್ತೆ, ಇಂಗ್ಲಿಷ್ ಬರಲ್ಲ’ ಎನ್ನುತ್ತದೆ. ಏಳೆಂಟು ವರ್ಷದ ಹೊತ್ತಿಗೆ ಮಗು ತನ್ನನ್ನು ಪಕ್ಕದವರ ಜೊತೆ ಇಟ್ಟು ಅಳೆಯಲು ಕಲಿಯುತ್ತದೆ. ಇದು ಬುದ್ಧಿ ಬೆಳೆದುದರ ಗುರುತು, ಗಾಬರಿಯಾಗಬೇಕಾಗಿಲ್ಲ.

ಇನ್ನೊಂದು ಬದಲಾವಣೆಯೂ ಜೊತೆಗೇ ಆಗುತ್ತದೆ. ಈ ವಯಸ್ಸಿನ ಮಗು ತನಗೆ ಒಂದೇ ಒಂದು ಅಂಕ ಕೊಟ್ಟುಕೊಳ್ಳುವುದಿಲ್ಲ. ಓದಿನಲ್ಲಿ ಹೇಗೆ, ಆಟದಲ್ಲಿ ಹೇಗೆ, ಗೆಳೆಯರು ಸೇರಿಸಿಕೊಳ್ಳುತ್ತಾರೆಯೇ, ನೋಡಲು ಹೇಗಿದ್ದೇನೆ, ನಡತೆ ಹೇಗೆ ಎಂದು ಬೇರೆ ಬೇರೆ ಕಡೆ ಅಳೆದುಕೊಳ್ಳುತ್ತದೆ. ಮಕ್ಕಳ ಸ್ವಾಭಿಮಾನದ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಹಾರ್ಟರ್ ಗುರುತಿಸಿದ್ದು ಈ ಐದು ಕ್ಷೇತ್ರಗಳನ್ನೇ. ಒಂದು ಕಡೆ ಹಿಂದೆ ಬಿದ್ದರೂ ಇನ್ನೊಂದು ಕಡೆ ಗೆಲ್ಲುವ ಮಗು ತನ್ನ ಬಗ್ಗೆ ಒಟ್ಟಿನಲ್ಲಿ ಒಳ್ಳೆಯ ಅಭಿಪ್ರಾಯವನ್ನೇ ಉಳಿಸಿಕೊಳ್ಳಬಹುದು. ಯಾವ ಕ್ಷೇತ್ರ ಮುಖ್ಯ ಎಂದು ಮನೆಯವರು ಹೇಳುತ್ತಾರೋ ಅಲ್ಲಿನ ಸೋಲು ಹೆಚ್ಚು ನೋಯಿಸುತ್ತದೆ.

ಮನೆಯಲ್ಲಿ ನಿತ್ಯ ‘ಇಂಗ್ಲಿಷ್ ಬಂದರೆ ಬದುಕು, ಇಲ್ಲದಿದ್ದರೆ ಇಲ್ಲ’ ಎಂಬ ಮಾತು ಕೇಳುವ ಮಗು ತನ್ನನ್ನು ಆ ಒಂದೇ ಕೋಲಿನಿಂದ ಅಳೆಯುತ್ತದೆ. ಅದು ಲೆಕ್ಕದಲ್ಲಿ ಚುರುಕಾಗಿರಬಹುದು, ತಮ್ಮನನ್ನು ಜೋಪಾನವಾಗಿ ನೋಡಿಕೊಳ್ಳುತ್ತಿರಬಹುದು, ಕಥೆ ಹೇಳಿದರೆ ಇಡೀ ತರಗತಿ ಕಿವಿಗೊಡುತ್ತಿರಬಹುದು. ಅವೆಲ್ಲ ಅದರ ಲೆಕ್ಕಕ್ಕೇ ಬರುವುದಿಲ್ಲ.

ಗಡಿಯ ಮಗುವಿನ ಇನ್ನೊಂದು ಅಳತೆಗೋಲು

1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿಯ ನಮ್ಮ ಸೀಮೆ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಆಗ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. ಜಿಲ್ಲೆಯ ಹೆಸರು ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಅದೇ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳುತ್ತದೆ. ಆದ್ದರಿಂದ ನಿಮ್ಮ ಮಗು ಕನ್ನಡದಲ್ಲಿ ಓದುತ್ತಿರುವುದು ಯಾರ ದಯೆಯೂ ಅಲ್ಲ. ಈ ಮಾತನ್ನು ಮಗುವಿಗೆ ಅದರ ವಯಸ್ಸಿಗೆ ತಕ್ಕಂತೆ ಹೇಳಿ.

ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ 2006–07ರಲ್ಲಿ ಒಂದನೇ ತರಗತಿಯಿಂದ ಜಾರಿಯಾಗಿ, ವರ್ಷಕ್ಕೊಂದು ತರಗತಿ ಮೇಲೇರುತ್ತ 2015–16ಕ್ಕೆ ಹತ್ತನೇ ತರಗತಿ ಮುಟ್ಟಿತು. ಹೀಗಾಗಿ ನಮ್ಮ ಮಕ್ಕಳು ಕನ್ನಡದಲ್ಲಿ ಪಾಠ ಕಲಿಯುತ್ತ, ತಮಿಳನ್ನೂ ಇಂಗ್ಲಿಷನ್ನೂ ಜೊತೆಗೆ ಕಲಿಯುತ್ತಾರೆ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಾತು ತೆಲುಗು. ಬೀದಿಯ ಆಚೆ ಉರ್ದು. ಹತ್ತು ವರ್ಷದ ಮಗುವಿನ ಚೀಲದಲ್ಲಿ ಮೂರು ಲಿಪಿ, ಕಿವಿಯಲ್ಲಿ ನಾಲ್ಕೈದು ಭಾಷೆ.

ಇದನ್ನು ಮಗು ಹೇಗೆ ಅಳೆದುಕೊಳ್ಳುತ್ತದೆ? ತಮಿಳು ಮಾಧ್ಯಮದ ಹುಡುಗನ ಜೊತೆ ತಮಿಳಿನಲ್ಲಿ, ಇಂಗ್ಲಿಷ್ ಮಾಧ್ಯಮದ ಹುಡುಗಿಯ ಜೊತೆ ಇಂಗ್ಲಿಷಿನಲ್ಲಿ, ಆನೇಕಲ್ಲಿನ ನೆಂಟರ ಮಗನ ಜೊತೆ ಅವನ ಪಠ್ಯದ ಕನ್ನಡದಲ್ಲಿ. ಮೂರು ಕಡೆಯೂ ಅದು ತನಗಿಂತ ಅಲ್ಲಿ ಪಳಗಿದವರ ಎದುರು ನಿಲ್ಲುತ್ತದೆ. ಮೂರು ಕಡೆಯೂ ಒಂದು ಹೆಜ್ಜೆ ಹಿಂದೆ ಬೀಳುತ್ತದೆ. ಮೂರನ್ನೂ ಕೂಡಿಸಿ ನೋಡಲು ಯಾರೂ ಹೇಳಿಕೊಡದಿದ್ದರೆ, ‘ನನಗೆ ಯಾವುದೂ ಸರಿಯಾಗಿ ಬರಲ್ಲ’ ಎಂದೇ ಅದು ತಿಳಿಯುತ್ತದೆ.

ಕೆನಡಾದ ಮಾಂಟ್ರಿಯಲ್ ನಗರ ನಮ್ಮಂತೆಯೇ ಎರಡು ಭಾಷೆಯ ಊರು. ಅಲ್ಲಿ 1960ರಲ್ಲಿ ವಾಲೆಸ್ ಲ್ಯಾಂಬರ್ಟ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಎರಡೂ ಭಾಷೆ ಚೆನ್ನಾಗಿ ಬಲ್ಲ ಒಬ್ಬರೇ ವ್ಯಕ್ತಿ ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಫ್ರೆಂಚಿನಲ್ಲಿ ಓದಿದ ಧ್ವನಿಯನ್ನು ಕೇಳಿಸಿ, ‘ಈ ಮಾತಾಡಿದವರು ಎಂಥವರು?’ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಇಬ್ಬರೂ ಒಬ್ಬರೇ ಎಂದು ಕೇಳುಗರಿಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಧ್ವನಿಗೆ ಹೆಚ್ಚು ಮೆಚ್ಚುಗೆ ಬಂತು. ನೋವಿನ ಸಂಗತಿ ಎಂದರೆ, ಫ್ರೆಂಚ್ ಮನೆಮಾತಿನವರೇ ಫ್ರೆಂಚ್ ಧ್ವನಿಗೆ ಇಂಗ್ಲಿಷಿನವರು ಕೊಟ್ಟದ್ದಕ್ಕಿಂತ ಕಡಿಮೆ ಬೆಲೆ ಕಟ್ಟಿದ್ದರು. ಊರಿನ ಕಣ್ಣಿನಿಂದ ತಮ್ಮ ಮಾತನ್ನೇ ಕೀಳಾಗಿ ಕಾಣಲು ಅವರು ಕಲಿತಿದ್ದರು.

ಅದೇ ಊರಿನಲ್ಲಿ ಎಲಿಜಬೆತ್ ಪೀಲ್ ಮತ್ತು ಲ್ಯಾಂಬರ್ಟ್ 1962ರಲ್ಲಿ ಹತ್ತು ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಎರಡು ಭಾಷೆ ಕಲಿತರೆ ಮಕ್ಕಳ ಬುದ್ಧಿ ಗೊಂದಲಕ್ಕೆ ಬೀಳುತ್ತದೆ ಎಂದು ಆಗ ನಂಬಿದ್ದರು. ಫಲಿತಾಂಶ ಉಲ್ಟಾ ಬಂತು. ಎರಡೂ ಭಾಷೆಯಲ್ಲಿ ಗಟ್ಟಿಯಾಗಿದ್ದ ಮಕ್ಕಳು ಬುದ್ಧಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ಮುಂದಿನ ಅಧ್ಯಯನಗಳೆಲ್ಲ ಅಷ್ಟು ದೊಡ್ಡ ಮೇಲುಗೈ ಕಾಣಲಿಲ್ಲ. ಆದರೆ ಹೆಚ್ಚು ಭಾಷೆ ಬುದ್ಧಿಯನ್ನು ಕುಂದಿಸುತ್ತದೆ ಎಂಬ ಹಳೆಯ ಹೆದರಿಕೆಗೆ ಆಧಾರ ಉಳಿಯಲಿಲ್ಲ.

ನಮ್ಮಲ್ಲೇ ನೋಡಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಬೇಂದ್ರೆಯವರ ಮನೆಮಾತು ಮರಾಠಿ. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದವರು, ಬೇಂದ್ರೆ 1973ರಲ್ಲಿ, ಮಾಸ್ತಿ 1983ರಲ್ಲಿ. ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆ ಇದ್ದುದು ಅವರಿಗೆ ಅಡ್ಡಿಯಾಗಲಿಲ್ಲ.

ಪಾಲು ಹಾಲಾದ ಕಥೆ

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಖರ್ಚಿಲ್ಲದ ಒಂದು ಆಟದಿಂದ ಶುರು ಮಾಡೋಣ. ಏಳರಿಂದ ಹನ್ನೊಂದರ ಮಕ್ಕಳಿಗೆ ಗುಂಪು ಮಾಡುವುದು, ಜೋಡಿ ಹುಡುಕುವುದು, ನಿಯಮ ಕಂಡುಹಿಡಿಯುವುದು ಎಂದರೆ ಬಲು ಇಷ್ಟ. ಬೆಂಕಿಪೊಟ್ಟಣದ ಚಿತ್ರ, ಗೋಲಿ, ಬಾಟಲಿ ಮುಚ್ಚಳ ಎಂದು ಏನೇನೋ ಕೂಡಿಡುವುದು ಈ ವಯಸ್ಸಿನಲ್ಲೇ. ಅವರಿಗೆ ಪದಗಳನ್ನೂ ಕೂಡಿಡಲು ಹೇಳಿ.

ತಮಿಳಿನಲ್ಲಿ ‘ಪಾಲ್’, ಕನ್ನಡದಲ್ಲಿ ‘ಹಾಲು’. ‘ಪುಲಿ’, ‘ಹುಲಿ’. ‘ಪಲ್’, ‘ಹಲ್ಲು’. ‘ಪೂ’, ‘ಹೂ’. ‘ಪತ್ತು’, ‘ಹತ್ತು’. ‘ಪಾಂಬು’, ‘ಹಾವು’. ನಾಲ್ಕೈದು ಜೋಡಿ ಹೇಳಿ ಸುಮ್ಮನಾಗಿ. ‘ಅಮ್ಮಾ, ಅವರು ಪ ಅಂದರೆ ನಾವು ಹ ಅಂತೀವಿ!’ ಎಂದು ಮಗು ತಾನೇ ಕೂಗುತ್ತದೆ. ಆಮೇಲೆ ಇನ್ನೊಂದು ಗಂಟು ಬಿಚ್ಚಿ: ‘ವಳೈ’, ‘ಬಳೆ’. ‘ವೇರ್’, ‘ಬೇರು’. ‘ವಿಲ್’, ‘ಬಿಲ್ಲು’. ‘ವಾ’, ‘ಬಾ’. ಅಜ್ಜಿಯ ತೆಲುಗನ್ನೂ ಸೇರಿಸಿದರೆ ‘ಪಾಲು’, ‘ಪುಲಿ’, ‘ಪಾಮು’ ಸಿಗುತ್ತವೆ. ಹಳಗನ್ನಡದಲ್ಲಿ ನಾವೂ ‘ಪಾಲ್’, ‘ಪುಲಿ’ ಎಂದೇ ಹೇಳುತ್ತಿದ್ದೆವು, ಕಾಲ ಕಳೆದಂತೆ ‘ಪ’ ಸವೆದು ‘ಹ’ ಆಯಿತು ಎಂದು ಕೊನೆಗೆ ಹೇಳಿ. ಮಗುವಿನ ಕಣ್ಣು ಅರಳುವುದನ್ನು ನೋಡಿ.

ನಮ್ಮ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಡೆಂಕಣಿಕೋಟೆ ಎಂದಾಗ ಕನ್ನಡದ ಕಿವಿಗೆ ‘ತೆಂಕಣ ಕೋಟೆ’, ಅಂದರೆ ದಕ್ಷಿಣದ ಕೋಟೆ, ಕೇಳಿಸುತ್ತದೆ. ತಮಿಳಿನ ಬೋರ್ಡಿನಲ್ಲಿ ‘ತೇನ್‌ಕನಿಕ್ಕೋಟ್ಟೈ’ ಎಂದಿರುತ್ತದೆ. ತೇನ್ ಎಂದರೆ ಜೇನು, ಕನಿ ಎಂದರೆ ಹಣ್ಣು. ಒಂದೇ ಬೋರ್ಡಿನ ಕೆಳಗೆ ನಿಂತು ಎರಡು ಅರ್ಥ ಹೇಳಬಲ್ಲ ಮಗು ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ, ಚೆನ್ನೈಯಲ್ಲೂ ಸಿಗುವುದಿಲ್ಲ. ಅದನ್ನು ಮಗುವಿಗೆ ಹೇಳಿ.

ಈ ಆಟದಿಂದ ತಮಿಳು ಕಲಿಯುವುದೂ ಹಗುರವಾಗುತ್ತದೆ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಲು, ಅರ್ಥ ಮಾಡಿಕೊಳ್ಳಲು ಕಲಿತದ್ದು ಇನ್ನೊಂದು ಭಾಷೆಗೂ ದಾಟಿ ಬರುತ್ತದೆ ಎಂದು ಕೆನಡಾದ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಿಂದ ವಾದಿಸುತ್ತ ಬಂದಿದ್ದಾರೆ. ಭಿನ್ನರಾಶಿ ಕನ್ನಡದಲ್ಲಿ ಅರ್ಥವಾದ ಮಗುವಿಗೆ ಇಂಗ್ಲಿಷಿನಲ್ಲಿ ಹೊಸದಾಗಿ ಬೇಕಾಗುವುದು ಅದರ ಹೆಸರು ಮಾತ್ರ. ಆದ್ದರಿಂದ ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮಗು ಕನ್ನಡವನ್ನು ತಡವರಿಸದೆ ಓದುವಂತೆ ನೋಡಿಕೊಳ್ಳಿ. ದಿನಕ್ಕೆ ಹದಿನೈದು ನಿಮಿಷ ಸಾಕು. ನಿಮಗೆ ಓದಲು ಬಾರದಿದ್ದರೆ ಇನ್ನೂ ಒಳ್ಳೆಯದು: ಮಗುವೇ ನಿಮಗೆ ಓದಿ ಹೇಳಲಿ.

ತಮಿಳು ಕಲಿಯುವುದು ಕನ್ನಡಕ್ಕೆ ಮಾಡುವ ದ್ರೋಹ ಎಂಬ ಮಾತು ಮನೆಯಲ್ಲಿ ಬೇಡ. ಈ ರಾಜ್ಯದಲ್ಲಿ ಬದುಕುವ ಮಗುವಿಗೆ ತಮಿಳು ಚೆನ್ನಾಗಿ ಬರಲೇಬೇಕು. ಶಿಕ್ಷಕರು, ಪಠ್ಯಪುಸ್ತಕ, ಪರೀಕ್ಷೆಯ ನಿಯಮ ಇವುಗಳ ಬಗ್ಗೆ ನಾವು ಕೇಳಬೇಕಾದ್ದನ್ನು ಕೇಳಲೇಬೇಕು. ಆದರೆ ಆ ಜಗಳವನ್ನು ದೊಡ್ಡವರು ಆಡಲಿ. ಹತ್ತು ವರ್ಷದ ಮಗುವಿನ ಹೆಗಲಿಗೆ ಅದನ್ನು ಏರಿಸುವುದು ಬೇಡ.

ನಮ್ಮ ಬಾಯಿಂದ ಬರುವ ಮಾತು

ಇನ್ನು ನಮ್ಮದೇ ಕೆಲವು ಅಭ್ಯಾಸಗಳನ್ನು ನೋಡೋಣ.

ಮೊದಲನೆಯದು, ಮಗುವಿನ ಪರವಾಗಿ ಉತ್ತರ ಹೇಳುವುದು. ಡಾಕ್ಟರು ಕೇಳಿದರೂ ನಾವೇ ಹೇಳುತ್ತೇವೆ, ಮೇಷ್ಟ್ರು ಕೇಳಿದರೂ ನಾವೇ. ಎಂಟು ವರ್ಷ ದಾಟಿದ ಮೇಲೆ ‘ನೀನೇ ಹೇಳಮ್ಮ’ ಎಂದು ಬಿಟ್ಟು ಹತ್ತು ಎಣಿಸಿ. ತಪ್ಪು ತಮಿಳಿನಲ್ಲಿ ಹೇಳಿದರೂ ಅಲ್ಲೇ ತಿದ್ದಬೇಡಿ.

ಎರಡನೆಯದು, ಹೋಲಿಕೆ. ‘ಪಕ್ಕದ ಮನೆಯವನು ನೋಡು, ಹೇಗೆ ಇಂಗ್ಲಿಷ್ ಮಾತಾಡ್ತಾನೆ’ ಎಂದು ನೀವು ಹೇಳಬೇಕಾಗಿಯೇ ಇಲ್ಲ. ಮಗು ಅದನ್ನು ಆಗಲೇ ಒಳಗೊಳಗೇ ಹತ್ತು ಸಲ ಮಾಡಿ ಮುಗಿಸಿದೆ. ನೀವು ಮಾಡಬಹುದಾದ ಹೋಲಿಕೆ ಬೇರೆ: ‘ಯುಗಾದಿ ಹೊತ್ತಿಗೆ ಒಂದು ಪುಟ ಓದಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದೆ, ಈಗ ಹತ್ತು ನಿಮಿಷದಲ್ಲಿ ಓದಿದೆ.’ ಮಗುವನ್ನು ನಿನ್ನೆಯ ಅದೇ ಮಗುವಿನ ಜೊತೆ ಹೋಲಿಸಿ.

ಮೂರನೆಯದು, ಹೊಗಳುವ ರೀತಿ. 1998ರಲ್ಲಿ ಅಮೆರಿಕದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಬುದ್ಧಿವಂತ’ ಎಂದರು, ಕೆಲವರಿಗೆ ‘ಚೆನ್ನಾಗಿ ಕಷ್ಟಪಟ್ಟೆ’ ಎಂದರು. ಆಮೇಲೆ ಕಠಿಣ ಲೆಕ್ಕ ಕೊಟ್ಟಾಗ ಎಲ್ಲರೂ ಎಡವಿದರು. ಮತ್ತೆ ಮೊದಲಿನಷ್ಟೇ ಸುಲಭದ್ದನ್ನು ಕೊಟ್ಟಾಗ, ಬುದ್ಧಿವಂತ ಎನಿಸಿಕೊಂಡವರ ಅಂಕ ಮೊದಲಿಗಿಂತ ಇಳಿದಿತ್ತು. ಕಷ್ಟಪಟ್ಟೆ ಎನಿಸಿಕೊಂಡವರ ಅಂಕ ಏರಿತ್ತು. ಬುದ್ಧಿ ಎಂದರೆ ಇರುವುದು ಅಥವಾ ಇಲ್ಲದಿರುವುದು ಎಂದುಕೊಂಡ ಮಗು ಎಡವಿದಾಗ ‘ನನಗಿಲ್ಲ’ ಎಂದು ಕೈ ಬಿಡುತ್ತದೆ. ‘ನೀನು ಜಾಣೆ’ ಎನ್ನುವ ಬದಲು ‘ಮೂರು ಸಲ ತಪ್ಪಾದರೂ ಬಿಡಲಿಲ್ಲ ನೋಡು’ ಎನ್ನಿ. ಸುಳ್ಳು ಹೊಗಳಿಕೆಯೂ ಬೇಡ. ಒಂಬತ್ತರ ಮಗುವಿಗೆ ಅದು ಗೊತ್ತಾಗಿಬಿಡುತ್ತದೆ.

ನಾಲ್ಕನೆಯದು, ‘ಸದ್ಯಕ್ಕೆ’. ಮುಂದೆ ಮಗುವನ್ನು ಬೇರೆ ಶಾಲೆಗೆ ಸೇರಿಸುವ ಯೋಚನೆ ನಿಮಗಿರಬಹುದು. ಅದು ನಿಮ್ಮ ತೀರ್ಮಾನ, ಅದಕ್ಕೆ ಕಾರಣಗಳೂ ಇರಬಹುದು. ಆದರೂ ಈಗ ಓದುತ್ತಿರುವ ಶಾಲೆಯನ್ನು ಮಗುವಿನ ಎದುರು ತಾತ್ಸಾರ ಮಾಡಬೇಡಿ. ಆ ಶಾಲೆಯಲ್ಲಿ ಮಗು ಇರುವಷ್ಟು ದಿನ ಅದು ಮಗುವಿನ ಶಾಲೆ.

ಮಾಡಿ ಮುಗಿಸಿದ ಕೆಲಸ

‘ನನ್ನ ಕೈಲಿ ಆಗುತ್ತದೆ’ ಎಂಬುದು ಬರೀ ಮಾತಿನಿಂದ ಬರುವ ಭಾವವಲ್ಲ. ಮಾಡಿ ನೋಡಿಯೇ ಬರಬೇಕು. ಇಲ್ಲಿ ನಮ್ಮ ಹಳ್ಳಿಯ ಮನೆಗಳಿಗೆ ಒಂದು ಅನುಕೂಲವಿದೆ. ಕರುವಿಗೆ ನೀರು ಇಡುವುದು, ರಾಗಿ ಒಣಹಾಕಿದಲ್ಲಿ ಕೋಳಿ ಕಾಯುವುದು, ಟೊಮೆಟೊ ಕ್ರೇಟಿನ ಲೆಕ್ಕ ಬರೆದಿಡುವುದು, ಹೂವು ತೂಗಿ ಕೊಟ್ಟ ದುಡ್ಡು ಎಣಿಸುವುದು, ಅಜ್ಜನ ಮಾತ್ರೆಯ ಹೊತ್ತು ನೆನಪಿಸುವುದು. ಇವುಗಳಲ್ಲಿ ಒಂದು ಕೆಲಸವನ್ನು ಪೂರ್ತಿ ಮಗುವಿಗೇ ಬಿಡಿ. ಮರೆತರೆ ನೀವು ಮಾಡಬೇಡಿ, ನೆನಪಿಸಿ. ಮಾಡಿದ ಮೇಲೆ ಗಮನಿಸಿದ್ದೇನೆ ಎಂದು ಒಂದು ಮಾತು ಹೇಳಿ.

ಹವಾಯಿಯ ಕೌಆಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಮನೆಯ ಜಗಳ, ಕಾಯಿಲೆ ಹೀಗೆ ನಾನಾ ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಗಟ್ಟಿಯಾಗಿ ಎದ್ದು ನಿಂತರು. ಅವರ ಬದುಕಿನಲ್ಲಿ ಎರಡು ಸಂಗತಿಗಳು ಮತ್ತೆ ಮತ್ತೆ ಕಂಡವು. ತಮ್ಮನ್ನು ನಂಬಿದ ಒಬ್ಬ ದೊಡ್ಡವರು ಇದ್ದರು: ಅಜ್ಜಿ, ಚಿಕ್ಕಮ್ಮ, ಟೀಚರು ಯಾರಾದರೂ ಸರಿ. ಮತ್ತೆ, ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸ ಅವರ ಪಾಲಿಗೆ ಇತ್ತು.

ಇದನ್ನು ತಪ್ಪು ತಿಳಿಯಬಾರದು. ಸುಗ್ಗಿ ಬಂತೆಂದು ಶಾಲೆ ಬಿಡಿಸುವುದು, ಕೂಲಿಗೆ ಕಳಿಸುವುದು ಬೇರೆಯೇ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಹದಿನಾಲ್ಕರವರೆಗೆ ಕಲಿಕೆ ಮಗುವಿನ ಹಕ್ಕು. ದಿನಕ್ಕೆ ಅರ್ಧ ಗಂಟೆಯ ಮನೆಗೆಲಸ ಮಗುವನ್ನು ಬೆಳೆಸುತ್ತದೆ. ದಿನವಿಡೀ ದುಡಿತ ಅದರ ಬಾಲ್ಯವನ್ನೇ ತಿನ್ನುತ್ತದೆ. ಕೆಲಸ ಹಂಚುವಾಗ ಹುಡುಗಿಗೆ ಪಾತ್ರೆ, ಹುಡುಗನಿಗೆ ಆಟ ಎಂದು ಮಾಡದಿರುವುದೂ ವ್ಯಕ್ತಿತ್ವದ ಪಾಠವೇ.

ಗೋಲಿಯಾಟದ ಕಾನೂನು

ಶಾಲೆ ಬಿಟ್ಟ ಮೇಲೆ ಮಗು ಬೀದಿಯಲ್ಲಿ ಆಡುವುದನ್ನು ‘ಹೊತ್ತು ಹಾಳು’ ಎನ್ನುವವರಿದ್ದಾರೆ. ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಬದುಕಿಡೀ ಅಭ್ಯಾಸ ಮಾಡಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಮಕ್ಕಳ ಜೊತೆ ಕೂತು ಗೋಲಿಯಾಟದ ನಿಯಮಗಳನ್ನೇ ಕೇಳಿ ತಿಳಿದು, 1932ರಲ್ಲಿ ಪುಸ್ತಕ ಬರೆದರು. ಚಿಕ್ಕ ಮಕ್ಕಳಿಗೆ ನಿಯಮ ಎಂದರೆ ದೊಡ್ಡವರು ಕೊಟ್ಟದ್ದು, ಬದಲಾಗದ್ದು. ಹತ್ತು ಹನ್ನೊಂದರ ಹೊತ್ತಿಗೆ ‘ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು’ ಎಂಬ ಅರಿವು ಬರುತ್ತದೆ. ನ್ಯಾಯ, ಒಪ್ಪಂದ, ಸೋತರೂ ನಾಳೆ ಬರುವುದು, ಮೋಸ ಮಾಡಿದವನನ್ನು ಕೇಳುವುದು, ಮತ್ತೆ ಸೇರಿಸಿಕೊಳ್ಳುವುದು ಇವೆಲ್ಲ ಗೋಲಿ, ಚಿನ್ನಿದಾಂಡು, ಕುಂಟೆಬಿಲ್ಲೆಯಲ್ಲೇ ಕಲಿಯುವಂಥವು. ಮೊಬೈಲಿನ ಆಟದಲ್ಲಿ ನಿಯಮ ಮೊದಲೇ ಬರೆದಿಟ್ಟಿರುತ್ತದೆ. ಅಲ್ಲಿ ವಾದ ಮಾಡಲು, ರಾಜಿಯಾಗಲು ಎದುರಿಗೆ ಯಾರೂ ಇಲ್ಲ.

ನಮ್ಮ ಬೀದಿಗಳಲ್ಲಿ ಈ ವಾದಗಳು ಮೂರು ಭಾಷೆಯಲ್ಲಿ ನಡೆಯುತ್ತವೆ. ಔಟೋ ಅಲ್ಲವೋ ಎಂದು ಗೆಳೆಯನ ಜೊತೆ ತಮಿಳಿನಲ್ಲಿ ವಾದಿಸಿ ಗೆದ್ದ ಹುಡುಗನಿಗೆ ತಮಿಳು ಪಾಠದ ಹೆದರಿಕೆ ಅರ್ಧ ಇಳಿದಿರುತ್ತದೆ.

ಯಾವಾಗ ಎಚ್ಚರವಹಿಸಬೇಕು

ಎಲ್ಲ ಮಕ್ಕಳೂ ಒಮ್ಮೊಮ್ಮೆ ಮಂಕಾಗುತ್ತಾರೆ. ಆದರೆ ಕೆಲವು ಗುರುತುಗಳು ವಾರಗಟ್ಟಲೆ ಉಳಿದರೆ ಸುಮ್ಮನಿರಬಾರದು. ಶಾಲೆಯ ದಿನಗಳಲ್ಲಿ ಮಾತ್ರ ಬೆಳಗ್ಗೆ ಹೊಟ್ಟೆನೋವು. ನೋಟ್‌ಬುಕ್ ಬಚ್ಚಿಡುವುದು. ಯತ್ನಿಸುವ ಮೊದಲೇ ‘ನನಗೆ ಬರಲ್ಲ’ ಎನ್ನುವುದು. ಇದ್ದ ಗೆಳೆಯರ ಹೆಸರು ಬಾಯಿಗೆ ಬಾರದಿರುವುದು. ಹೊರಗೆ ಕನ್ನಡದಲ್ಲಿ ಕರೆದರೆ ಓಗೊಡದಿರುವುದು.

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದ ಎಷ್ಟೋ ಮಕ್ಕಳು ದಡ್ಡರೆಂಬ ಹೆಸರು ಹೊರುತ್ತಾರೆ. ಆಮೇಲೆ ಟೀಚರ ಬಳಿ ಹೋಗಿ. ಅಂಕ ಎಷ್ಟು ಎಂದು ಕೇಳುವ ಮೊದಲು ‘ತರಗತಿಯಲ್ಲಿ ಯಾರ ಪಕ್ಕ ಕೂರುತ್ತಾಳೆ? ಪ್ರಶ್ನೆ ಕೇಳುತ್ತಾಳೆಯೇ? ಯಾವ ಕೆಲಸ ಕೊಟ್ಟರೆ ಖುಷಿಯಿಂದ ಮಾಡುತ್ತಾಳೆ?’ ಎಂದು ಕೇಳಿ. ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಸಭೆಗೆ ಹೋಗಿ ಕೂರುವುದನ್ನು ಮಗು ನೋಡಿದರೆ, ತನ್ನ ಶಾಲೆ ಅಪ್ಪ ಅಮ್ಮನಿಗೆ ಮುಖ್ಯ ಎಂದು ಅದಕ್ಕೆ ಹೇಳಿಕೊಡಬೇಕಾಗಿಲ್ಲ. ಮಗುವಿಗೆ ಹೊಡೆತ, ಕಿರುಕುಳದಂಥ ತೊಂದರೆ ಇದೆ ಎನಿಸಿದರೆ 1098 ಮಕ್ಕಳ ಸಹಾಯವಾಣಿ ಇದೆ.

ಐದು ಮುಗಿದು ಆರಕ್ಕೆ, ಎಂಟು ಮುಗಿದು ಒಂಬತ್ತಕ್ಕೆ ಶಾಲೆ ಬದಲಾಗುವ ವರ್ಷಗಳಲ್ಲಿ ವಿಶೇಷ ಗಮನವಿರಲಿ. ಹೊಸ ಶಾಲೆ ದೂರವಿರಬಹುದು, ಮಾಧ್ಯಮ ಬದಲಾಗಬಹುದು, ನಿನ್ನೆಯವರೆಗೆ ಮುಂದಿನ ಬೆಂಚಿನಲ್ಲಿದ್ದ ಮಗು ಒಮ್ಮೆಲೇ ಹಿಂದಿನ ಬೆಂಚಿಗೆ ಸರಿಯಬಹುದು. ಬದಲಾವಣೆಗೆ ಮೊದಲೇ ಮಗುವನ್ನು ಕರೆದೊಯ್ದು ಶಾಲೆ ತೋರಿಸಿ. ಮೊದಲ ಎರಡು ಪರೀಕ್ಷೆಗಳ ಅಂಕ ಇಳಿದರೆ ‘ಭಾಷೆ ಹೊಸದು, ನಿನ್ನ ಬುದ್ಧಿ ಹಳೆಯದೇ’ ಎಂದು ಹೇಳಿ. ಆರು ತಿಂಗಳು ಕಾಯಿರಿ.

ಮತ್ತೆ ಬಸ್ ನಿಲ್ದಾಣ

ಇಷ್ಟೆಲ್ಲ ಓದಿದ ಮೇಲೆ ನಾಳೆಯಿಂದಲೇ ಎಲ್ಲವನ್ನೂ ಮಾಡಬೇಕೆಂದಿಲ್ಲ. ಒಂದೇ ಒಂದು ಮಾಡಿ. ಮುಂದಿನ ಸಲ ಯಾರಾದರೂ ‘ಎಂದ ಸ್ಕೂಲ್?’ ಎಂದು ಕೇಳಿದಾಗ ನೀವು ಬಾಯಿ ಬಿಡಬೇಡಿ. ಮಗಳ ಕಡೆ ನೋಡಿ. ಅವಳು ಹೇಳಲಿ.

ಮೊದಲ ಸಲ ತಡವರಿಸಬಹುದು. ಅರ್ಧ ಕನ್ನಡ, ಅರ್ಧ ತಮಿಳು ಬರಬಹುದು. ಕೇಳಿದವರು ನಗಲೂಬಹುದು. ಅವಳು ಆಗ ಅವರ ಮುಖ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾಳೆ. ಅಲ್ಲಿ ಮುಜುಗರ ಕಾಣದಿದ್ದರೆ ಎರಡನೇ ಸಲ ಅವಳ ದನಿ ಸ್ವಲ್ಪ ಗಟ್ಟಿಯಾಗುತ್ತದೆ. ಬಸ್ಸು ಬಂದಾಗ ಅವಳೇ ಮುಂದೆ ಹತ್ತಿ, ಎರಡು ಟಿಕೆಟ್ ಕೊಡಿ ಎಂದು ಕಂಡಕ್ಟರನ್ನು ಕೇಳಲಿ. ದುಡ್ಡು ಅವಳ ಕೈಗೇ ಕೊಡಿ, ಚಿಲ್ಲರೆಯನ್ನೂ ಅವಳೇ ಎಣಿಸಲಿ.